ನೆಟ್ಟಗ ನೋಡಿದರ ಕಾಣವಲ್ದು

ಹುನಗುಂದ
ತಾ. ೪ ಜನವರಿ ೧೯೫೫

ಲೀಲೀ,

ನಾವು ಎಲ್ಲಾರೂ ಸುಖದಿಂದ ಅದೇವಿ ಅಂತ ಬರಿಯಾಕ ಕುಂತಿದ್ನಿ. ಅಷ್ಟರಾಗ ಬಡಿಗ್ಯಾ ಈರಪ್ಪ ಬಂದು ಇದ್ದ ಸುಖಾನೂ ಕೆಡಿಸಿದಾ. ಕಾಶಪ್ಪ ಇಳಕಲ್ಲಿನ ಕಲ್ಲಿನ ಖಣಿ ಗುತ್ತಿಗಿ ಹಿಡದ ಮ್ಯಾಲೆ ಮನಿ ಕಡಿ ನದರ ಹಾಕ್ಯಾನ, ನಡುಮನಿಗೆ ಹೊಸಾ ಬಾಗಲಾ ಮಾಡಿಸ್ಯಾನ. ಮಗಾ ವಾರ ಪೂರ್ತಿ ಇಳಕಲ್ಲಿನಾಗ, ಇಲ್ಲಿ ಆಳಿನ ಬೆನ್ನ ಹತ್ತೂದು ನನ್ನ ಪಾಲಿಗೆ.

ಚೌಕಟ್ಟ ಡೊಂಕ ಐತಿ, ಕಿತ್ತು ಕೂಡಸು ಅಂದೆ. ಕೂಡಿಸಿದಾ. ಮತ್ತೂ ಡೊಂಕ. ಗುಂಡು ಕಟ್ಟಿದ ದಾರ ಇಳಿಬಿಟ್ಟು, "ನೋಡಬೇ ಯವ್ವಾ, ಕೂದಲೆಳಿ ಫರಕ ಇಲ್ಲ" ಅಂದಾ. ನಾ ನೋಡಿದೆ. "ನಿನ್ನ ದಾರಾನ ಡೊಂಕ ಐತಲ್ಲೋ ಭಾಡ್ಯಾ" ಅಂದೆ. ಸೊಸಿ ಗುರುಲಿಂಗವ್ವ ಸೆರಗ ಬಾಯಿಗೆ ಇಟಗೊಂಡು ಒಳಗ ಓಡಿ ಹೋದಳು. ನಗಲಿ, ನಗಲಿ. ಇವತ್ತಿನ ಮಂದಿಗೆ ಕೆಲಸಾನೂ ಬರೂದಿಲ್ಲ, ಕಣ್ಣೂ ಇಲ್ಲ.

ಕಾಶಪ್ಪ ನನಗೊಂದು ಸೀರಿ ತಂದಾನ. ಇಳಕಲ್ಲಿನಾಗ ಇದ್ದು ಇಂಥಾ ಮಾಸಿದ ಕೆಂಪಿನ ಸೆರಗ ಆರಿಸ್ಯಾನಲ್ಲಾ, ಯಾರಿಗೆ ಹುಟ್ಟಿದ್ಯೋ ಅಂತ ಬೈದೆ. "ರಕ್ತದಂಗ ಕೆಂಪ ಐತಿ ಬೇ" ಅಂತಾನ. ಅಂಗಡ್ಯಾವ ಟೊಪ್ಪಿಗಿ ಹಾಕ್ಯಾನ ಇವಗ.

ನಿನ್ನ ಮೊಮ್ಮಗಾ ಹೆಂಗದಾನ? ದೀಪಾವಳಿಗೆ ಸೊಸಿ ಜಾನಕಿ ಹಡದಳು ಅಂತ ಬರದಿದ್ದಿ, ಆಮ್ಯಾಲೆ ಸುದ್ದಿ ಇಲ್ಲ. ಬರತೇನಿ ಬರತೇನಿ ಅಂತ ಎರಡ ವರ್ಷ ಆತು ನೀ ಆಸೆ ಹಚ್ಚಾಕ ಹತ್ತಿ. ಹೆಣ್ಣಮಕ್ಕಳ ಸಾಲಿ ಹೆಡ್‌ಬಾಯಿ ಆಗಿ ಪೆನ್ಶನ್ ತಗೊಂಡಾಕಿಗೆ ಹುನಗುಂದದ ಬಸ್ಸು ಹತ್ತಾಕ ಯಾವ ಸಾಹೇಬರ ಪರವಾನಗಿ ಬೇಕು? ನಾನೂ ನೀನೂ ಒಂದ ಪಾಟಿ ಮ್ಯಾಲೆ ಬರದು, ಒಂದ ಪಾಟಿ ಒಡದು, ಒಬ್ಬರ ಸಲುವಾಗಿ ಒಬ್ಬರು ಹೊಡತಾ ತಿಂದವರು. ಇದನ್ನ ಮರೀಬ್ಯಾಡ.

ನಿನ್ನ
ಬಸಲಿಂಗವ್ವ

—

ಬಾಗಲಕೋಟೆ
ತಾ. ೮ ಜನವರಿ ೧೯೫೫

ಬಸಲಿಂಗೀ,

ಪಾಪ, ಆ ಈರಪ್ಪನ್ನ ಯಾಕ ಹಂಗ ಗೋಳು ಹೊಯ್ಕೋತಿ? ಗುಂಡಿನ ದಾರ ಡೊಂಕ ಆಗೂದು ಭೂಮಿ ಮ್ಯಾಲೆ ಎಲ್ಲೂ ಇಲ್ಲ. ನಾ ಮೂವತ್ತ ವರ್ಷ ಹುಡಿಗ್ಯಾರಿಗೆ ಅದನ್ನ ಕಲಿಸೀನಿ.

ಮೊಮ್ಮಗ ಚೆಂದ ಇದ್ದಾನ. ಅವನ ಮಾರಿ ಯಾರ ಹಂಗ ಅದ ಅಂತ ಕೇಳಬ್ಯಾಡ, ಒಬ್ಬೊಬ್ಬರು ಒಂದೊಂದು ಹೇಳ್ತಾರ. ನನಗ ಇನ್ನೂ ತಿಳಿದಿಲ್ಲ.

ಈಗ ನಗೂದು ಬಿಟ್ಟು ನಾ ಹೇಳಿದ್ದು ಮಾಡು. ಆ ಚೌಕಟ್ಟಿನ ಮುಂದ ನಿಲ್ಲು. ಎಡಗಣ್ಣ ಅಂಗೈಲೆ ಮುಚ್ಚಿ ಬಲಗಣ್ಣಲೆ ನೋಡು. ಆಮ್ಯಾಲೆ ಬಲಗಣ್ಣ ಮುಚ್ಚಿ ಎಡಗಣ್ಣಲೆ ನೋಡು. ಎರಡೂ ಕಣ್ಣಿಗೆ ಡೊಂಕೋ, ಒಂದ ಕಣ್ಣಿಗೋ? ಮಂದಿ ಮಾರಿ ನೆಟ್ಟಗ ನೋಡಿದ್ರ ಹೆಂಗ ಕಾಣಸ್ತದ? ಬಿಸಿಲಾಗಿಂದ ಒಳಗ ಬಂದ್ರ ಎಷ್ಟೊತ್ತು ಕತ್ತಲಿ? ಒಂದೊಂದಕ್ಕೂ ಜವಾಬು ಬರಿ. ನೀ ಸಾಲ್ಯಾಗ ಲೆಕ್ಕದ ಉತ್ತರ ಮುಚ್ಚಿಡತಿದ್ದೆಲ್ಲಾ, ಹಂಗ ಮುಚ್ಚಿಡಬ್ಯಾಡ.

ಯಾಕ ಕೇಳ್ತೀನಿ ಅಂತ ಕೇಳಬ್ಯಾಡ. ಲಗೂನ ಬರಿ.

ನಿನ್ನ
ಲೀಲಾ

—

ಹುನಗುಂದ
ತಾ. ೨೦ ಜನವರಿ ೧೯೫೫

ಲೀಲೀ,

ಈ ಪತ್ರದಾಗ ಸಾಲು ಮ್ಯಾಲೆ ಕೆಳಗ ಆಗಿದ್ರ ಬೈಬ್ಯಾಡ. ಕೈ ರೂಢಿ ಮ್ಯಾಲೆ ಬರಿಯಾಕ ಹತ್ತೇನಿ.

ನೀ ಹೇಳಿದಂಗ ಮಾಡಿದೆ. ಬಲಗಣ್ಣಿಗೆ ಚೌಕಟ್ಟ ನೆಟ್ಟಗ ಐತಿ, ಆದ್ರ ನಟ್ಟನಡುವ ಯಾರೋ ಗಂಜಿ ಬಳದಂಗ. ಅದು ಹೊಸಾದಲ್ಲ, ವರ್ಷಾನಗಟ್ಲೆ ಸಾವಕಾಶ ಆಗಿದ್ದು. ನಡಿಗಿ ಮ್ಯಾಲೆ, ದನಿ ಮ್ಯಾಲೆ ಮಂದೀನ ಗುರತ ಹಿಡೀತಿದ್ನಿ, ಯಾರಿಗೂ ಗೊತ್ತಾಗಿದ್ದಿಲ್ಲ. ಎಡಗಣ್ಣು ಚೊಲೊ ಇತ್ತು. ಆ ಚೊಲೊ ಕಣ್ಣಿಗೇ ಚೌಕಟ್ಟ ಹಾವು ಹರದಂಗ ಕಂಡಿತು. ಹೌದು, ಈರಪ್ಪಂದು ತಪ್ಪಿಲ್ಲ. ಅವನ್ನ ಕರದು ಎಲಿ ಅಡಿಕಿ ಕೊಟ್ಟೆ, ತಪ್ಪಾತು ಅಂತ ಮಾತ್ರ ಅನ್ನಲಿಲ್ಲ.

ಇಷ್ಟ ಆಗಿದ್ರ ನಾ ನಿನಗ ನಗಿ ಪತ್ರಾನ ಬರೀತಿದ್ನಿ.

ಮೊನ್ನೆ ಸೋಮವಾರ ಮುಂಜಾನೆ ಜಳಕಾ ಮಾಡಿ ಪೂಜಿಗೆ ಕುಂತೆ. ಕೊಳ್ಳಾಗಿನ ಕರಡಗಿ ಬಿಚ್ಚಿ ಲಿಂಗಪ್ಪನ್ನ ಎಡ ಅಂಗೈ ಮ್ಯಾಲೆ ಇಟಗೊಂಡು ನೋಡಿದೆ. ಕೈಯಿನ ಐದೂ ಬಟ್ಟ ಕಂಡ್ವು. ಅಂಗೈ ಅಂಚು ಕಂಡಿತು. ಪತ್ರಿ ಕಂಡಿತು, ವಿಭೂತಿ ಕಂಡಿತು. ನಡುವ ಲಿಂಗ ಇಲ್ಲ. ಅಲ್ಲೊಂದು ಕರ್ರಗಿನ ಕಲಿ. ಬೆರಳಲೆ ಮುಟ್ಟಿದ್ರ ಐತಿ, ನೋಡಿದ್ರ ಇಲ್ಲ. ದೀಪ ಹತ್ತರ ಹಿಡದೆ, ಕಣ್ಣ ತೊಳಕೊಂಡೆ, ಎದ್ದು ಅಂಗಳಕ್ಕ ಹೋಗಿ ಬಿಸಲಾಗ ನಿಂತೆ. ಇಲ್ಲ. ಮೂಲ್ಯಾಗ ಬಿದ್ದ ಕಸಬರಗಿ ಕಾಣತೈತಿ, ಲೀಲೀ! ಕಸಬರಗಿ ಕಾಣತೈತಿ, ನನ್ನಪ್ಪ ಕಾಣವಲ್ಲ.

ಹುಟ್ಟಿದಾಗ ಕಟ್ಟಿದ ಲಿಂಗ. ಗಂಡ ಸತ್ತಾಗ ಅದನ್ನ ನೋಡಿ ಎದ್ದು ನಿಂತಾಕಿ ನಾ. ಲಿಂಗ ಕಣ್ಣಿಗೆ ಬೀಳದ ಬಾಯಿಗೆ ತುತ್ತಿಲ್ಲ ಅಂತ ನಮ್ಮಮ್ಮ ನನಗ ನೇಮ ಹಾಕಿದ್ದಳು. ಅವತ್ತಿಂದ ನಾ ಉಂಡಿಲ್ಲ. ನೀರಷ್ಟ ಕುಡೀತೇನಿ. ಅವ ಕಂಡ ದಿವಸ ಉಣ್ಣತೇನಿ, ಕಾಣಲಿಲ್ಲಂದ್ರ ನನ್ನ ಋಣ ತೀರಿತು.

ಸೊಸಿಗೆ ಗೊತ್ತಿಲ್ಲ. ತಾಟು ತಗೊಂಡು ಹಿತ್ತಲಕ್ಕ ಹೋಗಿ ಎತ್ತಿಗೆ ಹಾಕಿ ಬರತೇನಿ. ಮಠದ ರಾಚಯ್ಯಗೋಳ ಕಿವಿಗೂ ಹಾಕಿಲ್ಲ. ಯಾಕಂತ ನಿನಗೊಬ್ಬಾಕಿಗೆ ಹೇಳತೇನಿ: ಅವರು "ಹೌದವ್ವಾ, ಲಿಂಗ ನಿನ್ನ ಬಿಟ್ಟು ಹೋಗೈತಿ" ಅಂದ್ರ ನಾ ಏನ ಮಾಡಲಿ? ಅಂಜಿಕಿ ಬರತೈತಿ.

ಓದಾಕ ಇನ್ನ ನನ್ನ ಕಡಿಂದ ಆಗೂದಿಲ್ಲ. ನಿನ್ನ ಪತ್ರಾ ಇನ್ನ ಮ್ಯಾಲೆ ಪೋಸ್ಟಿನ ಜಾಫರಸಾಬ ಕಟ್ಟಿ ಮ್ಯಾಲೆ ಕುಂತು ಓದಿ ಹೇಳತಾನ. ಅದಕ್ಕ ಲಿಂಗದ ಮಾತು, ಉಪಾಸದ ಮಾತು ಒಂದಕ್ಷರಾ ಬರೀಬ್ಯಾಡ. ನಿನ್ನ ಮ್ಯಾಲೆ ನನ್ನ ಆಣಿ ಐತಿ.

ಬಸಲಿಂಗವ್ವ

—

ಬಾಗಲಕೋಟೆ
ತಾ. ೨೪ ಜನವರಿ ೧೯೫೫

ಬಸಲಿಂಗವ್ವನವರಿಗೆ, ಮತ್ತ ಇದನ್ನ ಓದೋ ಜಾಫರಸಾಬರಿಗೆ ಲೀಲಾಬಾಯಿಯ ನಮಸ್ಕಾರ.

ನಿನ್ನ ಪತ್ರ ಮುಟ್ಟಿತು. ನೀ ಕಳೀತು ಅಂತ ಬರದ ಸಾಮಾನು ಕಳದಿಲ್ಲ. ನೀ ಇಟ್ಟ ಜಾಗಾದಾಗನ ಅದ. ಅದರ ಸಲುವಾಗಿ ಹಿಡದ ಹಟಾ ಬಿಡು. ಇವತ್ತ ಬಿಡು.

ನಮ್ಮ ಓಣ್ಯಾಗ ಒಬ್ಬಾಕಿ ಇದ್ದಾಳ, ನಮ್ಮ ವಾರಿಗಿಯಾಕಿ. ಆಕಿಗೂ ಕಣ್ಣಿನ ತ್ರಾಸ ಆಗಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರಿಗೆ ತೋರಿಸಿದ್ಲು. ಅವರು ಹೇಳಿದ್ರಂತ: ಇದು ಪೊರಿ ಅಲ್ಲ. ಪೊರಿ ಆಗಿದ್ರ ಕೊಯ್ದು ತಗೀಬಹುದಿತ್ತು. ಇದು ಕಣ್ಣಿನ ಹಿಂದಿನ ಪರದೆ, ಅದರ ನಟ್ಟನಡುವಿನ ಜಾಗಾ, ವಯಸ್ಸಿನ್ಯಾಗ ಸವದು ಹೋಗೂದು. ಅದರಾಗ ಎರಡು ಜಾತಿ. ಒಂದು ಒಣ ಜಾತಿ: ಪರದೆ ಮ್ಯಾಲೆ ಹಳದಿ ಹಳದಿ ಸಣ್ಣ ಕಾಳು ಕೂಡತಾವ, ನೋಟ ಸಾವಕಾಶ ತೆಳ್ಳಗಾಗ್ತದ. ನಿನ್ನ ಬಲಗಣ್ಣಿನ ಹಂಗ. ಇನ್ನೊಂದು ಹಸಿ ಜಾತಿ: ಪರದೆ ಹಿಂದ ಹೊಸಾ ನರ ಹುಟ್ಟಿ ಒಸರತಾವ, ಪರದೆ ಉಬ್ಬತದ, ಅದಕ್ಕ ನೆಟ್ಟನ್ನ ಗೀಟು ಡೊಂಕ ಕಾಣಸ್ತಾವ. ಒಂದಿನ ನರ ಒಡದು ರಕ್ತ ಹರದ್ರ ಒಮ್ಮಿಂದೊಮ್ಮೆಲೆ ನಡುವ ಕಪ್ಪು. ನಿನ್ನ ಎಡಗಣ್ಣಿನ ಹಂಗ. ಪಾಪ ಪುಣ್ಯ ಇದರಾಗ ಏನೂ ಇಲ್ಲ. ಕಾಶಪ್ಪ ಬಂದ ಕೂಡ್ಲೆ ಹುಬ್ಬಳ್ಳಿಗೆ ಹೋಗಿ ತೋರಿಸು.

ನಾ ಬರಬೇಕಿತ್ತು. ಸೊಸಿ ಜಾನಕಿ ದಿನಾ ತುಂಬಿದಾಕಿ, ಬಿಟ್ಟು ಬರ್ಲಿಕ್ಕೆ ಆಗವಲ್ದು. ತಪ್ಪ ತಿಳೀಬ್ಯಾಡ.

ಬಿಸಿ ಅನ್ನ, ಹಾಲು, ನಿನಗ ಸೇರೋ ಬೆಲ್ಲದ ಹೋಳು. ಇಷ್ಟು ನನ್ನ ಕಣ್ಣಿಗೆ ಕಟ್ಟೇದ. ತಿಳೀತೇನು?

ಲೀಲಾ

—

ಹುನಗುಂದ
ತಾ. ೨೭ ಜನವರಿ ೧೯೫೫

ಲೀಲಾಬಾಯಿಯವರಿಗೆ,

ಪತ್ರಾ ಓದಿಸಿದೆ. ಜಾಫರಸಾಬ "ಏನ ಕಳಕೊಂಡಿರಿ ಅವ್ವಾರ, ನಾ ಹುಡಕಲೇನು?" ಅಂತ ಕೇಳಿದಾ. ಏನಂತ ಹೇಳಲಿ?

ಓಣ್ಯಾಗಿನ ಯಾರೋ ಒಬ್ಬಾಕಿ. ಆಕಿ ಕೊಳ್ಳಾಗ ಲಿಂಗಿತ್ತೇನು? ಆಕಿಗೆ ಪುಸ್ತಕದಾಗಿನ ಅಕ್ಷರಾ ಹೋದ್ವು, ಸೂಜಿ ಕಣ್ಣ ಹೋತು, ಹೋಗಲಿ. ನನಗ ಅವು ಹೋಗಿದ್ದಕ್ಕ ದುಃಖಿಲ್ಲ. ಮಗನ ಮಾರಿ ಸೈತ ಆ ಸೋಮವಾರದಿಂದ ಕಾಣಸಿಲ್ಲ, ಹಣಿ ಐತಿ, ಕಿವಿ ಅದಾವ, ನಡುವ ಏನಿಲ್ಲ. ಅದನ್ನೂ ನುಂಗಿಕೊಂಡೇನಿ. ಇದೊಂದು ನುಂಗಾಕ ಆಗೂದಿಲ್ಲ. ಕಾಳು, ನರ, ಪರದೆ ಅಂತ ಹೇಳಿ ನನ್ನ ಸಣ್ಣ ಹುಡಿಗೀನ ರಂಬಿಸಿದಂಗ ರಂಬಿಸಬ್ಯಾಡ. ನಿಮಗ ದೇವರು ಗುಡ್ಯಾಗ ಇರತಾನ. ಕಾಣದಿದ್ರ ಪೂಜಾರಿ ಕಡಿಂದ ಮಂಗಳಾರತಿ ಮಾಡಿಸಿ ಮನಿಗೆ ಬರತೀರಿ. ನಾ ಎಲ್ಲಿಗೆ ಹೋಗಲಿ?

ಮತ್ತ ಜಾನಕಿ ದಿನಾ ತುಂಬಿದಾಕಿ ಅಂತ ಬರದೀಯಲ್ಲಾ. ದೀಪಾವಳಿಗೆ ಹಡದಾಕಿಗೆ ಸಂಕ್ರಾಂತಿಗೆ ಮತ್ತ ದಿನಾ ತುಂಬಿದ್ವೇನು? ಉಪಾಸ ಇದ್ರೂ ಇಷ್ಟು ಲೆಕ್ಕ ಬರತೈತಿ ನನಗ. ಬರಾಕ ಮನಸಿಲ್ಲಂದ್ರ ಮನಸಿಲ್ಲ ಅನ್ನು. ಐವತ್ತೈದು ವರ್ಷದ ಗೆಳತಿ, ಸಾಯೋ ಹೊತ್ತಿನಾಗ ಸುಳ್ಳ ಹೇಳಿದ್ಯಲ್ಲ, ಅದಕ್ಕ ಹೊಟ್ಟಿ ಉರೀತು. ಹಸಿವಿಗೆ ಅಷ್ಟು ಉರಿದಿದ್ದಿಲ್ಲ.

ಈಗ ಎದ್ದು ನಿಂತ್ರ ತಲಿ ತಿರಗತೈತಿ. ಇನ್ನ ಪತ್ರಾ ಬರೀಬ್ಯಾಡ. ಬಂದ್ರ ಓದಸೂದಿಲ್ಲ.

ಬಸಲಿಂಗವ್ವ

—

ಬಾಗಲಕೋಟೆ
ತಾ. ೨೯ ಜನವರಿ ೧೯೫೫

ಜಾಫರಸಾಬ,

ಈ ಪತ್ರ ನಿನಗ ಬರದದ್ದು, ಪಾಕೀಟಿನ ಮ್ಯಾಲೂ ನಿನ್ನ ಹೆಸರ ಹಾಕೀನಿ. ಬಸಲಿಂಗವ್ವನ ಮನಿಗೆ ಹೋಗು, ಕಟ್ಟಿ ಮ್ಯಾಲೆ ನಿಂತು ಜೋರಾಗಿ ಓದು. ಮೊದಲ ಅಡಿಗಿಮನಿಯೊಳಗಿಂದ ಗುರುಲಿಂಗವ್ವನ್ನ ಹೊರಗ ಕರಿ. ಆಕಿ ಬರೂತನಕ ಮುಂದ ಓದಬ್ಯಾಡ. ಮುದುಕಿ "ನಿಲ್ಲಸು" ಅಂತ ಒದರಿದ್ರೂ ನಿಲ್ಲಸಬ್ಯಾಡ. ನಿನಗ ಅಲ್ಲಾನ ಆಣಿ ಅದ.

ಗುರುಲಿಂಗವ್ವಾ, ಬಂದಿಯೇನ ತಂಗೀ? ನಿಮ್ಮತ್ತಿ ಹದಿನೇಳನೇ ತಾರೀಖಿನಿಂದ ಉಂಡಿಲ್ಲ. ನೀ ಬಡಿಸಿದ್ದೆಲ್ಲಾ ಎತ್ತಿನ ಹೊಟ್ಟಿಗೆ ಹೋಗೇದ. ಅಂಗೈ ಮ್ಯಾಲಿನ ಲಿಂಗ ಆಕಿ ಕಣ್ಣಿಗೆ ಕಾಣವಲ್ದು, ಅದಕ್ಕ ಪ್ರಾಣ ಬಿಡ್ಲಿಕ್ಕೆ ಕೂತಾಳ. ಈಗಿಂದೀಗ ಆಳಿನ್ನ ಇಳಕಲ್ಲಿಗೆ ಕಳಿಸಿ ಕಾಶಪ್ಪನ್ನ ಕರಸು. ಮಠಕ್ಕ ಹೋಗಿ ರಾಚಯ್ಯನವರನ್ನ ಕರಕೊಂಡು ಬಾ.

ಬಸಲಿಂಗೀ, ಈಗ ನಿನ್ನ ಕೂಡ ಮಾತು. ಆಣಿ ಮುರದೀನಿ. ಆಣಿ ಮುರದ ಪಾಪ ನಂದು, ನಾ ಉಣ್ಣತೀನಿ. ನೀ ಮಾತು ಬಿಟ್ರೂ ಬಿಡು, ಬದುಕಿದ್ದು ಬಿಡು.

ಸುಳ್ಳೂ ಹೇಳೀನಿ, ನೀ ಹಿಡದದ್ದು ಖರೆ. ಓಣ್ಯಾಗಿನ ಒಬ್ಬಾಕಿ ಯಾರೂ ಇಲ್ಲ. ಆಕಿ ನಾನ.

ನನ್ನ ಎರಡೂ ಕಣ್ಣಿನ ನಡುವಿನ ನೋಟ ಸತ್ತು ಎರಡ ವರ್ಷ ಆತು. ಒಂದು ಒಣ ಜಾತಿಂದು, ಒಂದು ಹಸಿ ಜಾತಿಂದು, ನಿನ್ನ ಹಂಗನ. ಹುಬ್ಬಳ್ಳಿಗೆ ಹೋಗುವಾಗ ರೈಲು ಬಾದಾಮಿ ಸ್ಟೇಶನ್ನಿನಾಗ ನಿಂತಿತ್ತು. ಬೋರ್ಡಿನ ಮ್ಯಾಲೆ ಮೊದಲಿನ ಅಕ್ಷರ ಕಂಡಿತು, ಕಡೀದು ಕಂಡಿತು, ನಡುವಿಂದು ಇಲ್ಲ. ಅವತ್ತ ನನಗ ಖಾತ್ರಿ ಆತು. ಬಸ್ಸಿನ ಬೋರ್ಡ ಓದ್ಲಿಕ್ಕೆ ಬರೂದಿಲ್ಲ, ಒಬ್ಬಾಕಿನ ಹೆಂಗ ಬರಲಿ? ಮಗ ನರಸಿಂಹಗ ಕರಕೊಂಡು ಹೋಗು ಅನ್ನಬೇಕಂದ್ರ ಕಣ್ಣಿನ ಸಂಗತಿ ಹೇಳಬೇಕು. ಅವಗ ಗೊತ್ತಿಲ್ಲ. ಹುಬ್ಬಳ್ಳಿಗೆ ಸೈತ ಕನ್ನಡಕ ಬದಲಿ ಮಾಡಸ್ತೀನಿ ಅಂತ ಹೇಳಿ ಗೆಳತಿಯರ ಕೂಡ ಹೋಗಿದ್ದೆ. ಮಧ್ಯಾಹ್ನ ಓಣಿ ಹೆಂಗಸರಿಗೆ ನಾ ಪುರಾಣ ಓದತೀನಲ್ಲಾ, ಅದು ಓದೂದಲ್ಲ. ಬಾಯಿಪಾಠ ಅಂತಾ ಹೋಗಿ ಸುಮ್ಮನ ಹಾಳಿ ತಿರವತೀನಿ. ಸುಳ್ಳಿನಾಗ ನನ್ನ ಕೈ ಕುಂತುಬಿಟ್ಟದ. ಹೆಡ್‌ಬಾಯಿ ಕುಲ್ಡಿ ಆದ್ಲು ಅಂತ ಮಂದಿ ಅಂತಾರ ಅಂತ ನಾಚಿಕಿ. ನಿನಗ ಬಿಡಿಸಿ ಹೇಳಿದ್ರೂ ಆಗತಿತ್ತು. ನಿನ್ನ ಮುಂದ ಬಡಾಯಿ ಬಿಟ್ಟು ಕೊಡ್ಲಿಕ್ಕೆ ಮನಸಾಗಲಿಲ್ಲ, ಸಣ್ಣಾಕಿದ್ದಾಗಿಂದ ಅದ ನಮ್ಮ ಜಗಳ.

ಔಷಧ ಇಲ್ಲ ಅಂದ್ರು ಡಾಕ್ಟರು. ಆದ್ರ ಇನ್ನೊಂದು ಮಾತೂ ಹೇಳಿದ್ರು: ಅಂಚಿನ ನೋಟ ಹೋಗೂದಿಲ್ಲ, ಪೂರ್ತಿ ಕತ್ತಲಿ ಆಗೂದಿಲ್ಲ. ಅದಕ್ಕ ನಿನಗ ಕಸಬರಗಿ ಕಾಣಸ್ತದ. ಕಸಬರಗೀನ ನೀ ನೆಟ್ಟಗ ನೋಡಿಲ್ಲ, ಹುಚ್ಚೀ! ನೆಟ್ಟಗ ನೋಡು, ಅದೂ ಮಾಯ ಆಗ್ತದ. ನೀ ಲಿಂಗಪ್ಪನ್ನ ಅಷ್ಟು ಜೀವದಿಂದ ನೆಟ್ಟಗ ನೋಡ್ತಿ, ಅದಕ್ಕ ಅವನೇ ಮೊದಲ ಮಾಯ ಆದ. ಬಿಟ್ಟು ಹೋಗಿಲ್ಲ ಅವ.

ಈಗ ಮಾಡು. ಲಿಂಗ ಅಂಗೈ ಮ್ಯಾಲೆ ಇಟ್ಟಕೋ. ಲಿಂಗಾನ ನೋಡಬ್ಯಾಡ. ಹೆಬ್ಬಟ್ಟಿನ ಉಗುರ ನೋಡು. ದೃಷ್ಟಿ ಅಲ್ಲೇ ಬಿಗಿ ಹಿಡಿ, ಓಡ್ಲಿಕ್ಕೆ ಬಿಡಬ್ಯಾಡ. ಮಗ್ಗಲದಾಗ ಬರ್ತಾನ. ಹೆಬ್ಬಟ್ಟಿಗೆ ಬರಲಿಲ್ಲಂದ್ರ ಕಿರಿಬಟ್ಟ ನೋಡು, ಮುಂಗೈ ನೋಡು. ಒಬ್ಬೊಬ್ಬರದು ಒಂದೊಂದು ದಿಕ್ಕು, ಹುಡುಕಬೇಕು. ನನಗ ಹುಡುಕ್ಲಿಕ್ಕೆ ಮೂರ ತಿಂಗಳು ಹಿಡೀತು, ಈಗ ನಿನ್ನ ಪತ್ರ ಹಂಗನ ಓದತೀನಿ, ಭೂತಗನ್ನಡಿ ಹಿಡದು, ಒಂದೊಂದ ಅಕ್ಷರ ಅಂಚಿಗೆ ತಂದು. ಒಂದ ಪತ್ರಕ್ಕ ಅರ್ಧಾ ದಿನ. ನೀ ಸಾಯತೀನಿ ಅಂತ ಬರದದ್ದು ಅಕ್ಷರ ಅಕ್ಷರ ಕೂಡಿಸಿ ಓದಿದೆ, ಬಸಲಿಂಗೀ. ಅದರಷ್ಟು ಕೆಟ್ಟ ಓದು ಜನ್ಮದಾಗ ಓದಿಲ್ಲ.

ಸಾಯಬ್ಯಾಡವಾ. ನನಗ ನೀ ಬೇಕು.

ಲೀಲಾ

—

ಬಾಗಲಕೋಟೆ
ತಾ. ೫ ಫೆಬ್ರುವರಿ ೧೯೫೫

ಗುರುಲಿಂಗವ್ವಾ,

ಪತ್ರ ಹಾಕಿ ಇಷ್ಟು ದಿವಸ ಆದ್ವು, ಜವಾಬಿಲ್ಲ. ಪೋಸ್ಟಿನವ ಓಣಿಗೆ ಬಂದ್ರ ನಾ ಬಾಗಲಕ್ಕ ಓಡತೀನಿ, ಹಾದು ಹೋಗ್ತಾನ. ನರಸಿಂಹಗ ಎಲ್ಲಾ ಹೇಳಿಬಿಟ್ಟೆ. ಅವ ನನ್ನ ಮುಂದ ಕೂತು ಅತ್ತ. ಹದಿನಾಲ್ಕನೇ ತಾರೀಖಿಗೆ ರಜಾ ಹಾಕಿ ನನ್ನ ಅಲ್ಲಿಗೆ ಕರಕೊಂಡು ಬರ್ತೀನಿ ಅಂದಾನ.

ಬಂದು ಯಾರ ಮುಂದ ನಿಲ್ಲಲಿ? ಅತ್ತಿ ಇದ್ದಾಳೋ ಇಲ್ಲೋ, ಒಂದ ಸಾಲು ಬರಸವಾ. ಕೆಟ್ಟ ಸುದ್ದಿ ಆದ್ರೂ ಬರಸು.

ಲೀಲಾಬಾಯಿ

—

ಹುನಗುಂದ
ತಾ. ೮ ಫೆಬ್ರುವರಿ ೧೯೫೫

ಲೀಲೀ,

ಇದನ್ನ ಗುರುಲಿಂಗವ್ವ ಬರಿಯಾಕ ಹತ್ಯಾಳ, ನಾ ಹೇಳಾಕ ಹತ್ತೇನಿ. ನನ್ನ ಸೊಸಿಗೆ ಇಷ್ಟು ಚೊಲೊ ಬರಿಯಾಕ ಬರತೈತಿ ಅಂತ ಈಗ ಗೊತ್ತಾತು. ನಾ ಎಂದೂ ಕೇಳಿದ್ದಿಲ್ಲ, ಆಕಿ ಹೇಳಿದ್ದಿಲ್ಲ. ಓದಿ ಹೇಳವಾ ಅಂತ ಸೊಸಿ ಮುಂದ ಅನ್ನಾಕ ಸೊಕ್ಕ ಬಿಡಲಿಲ್ಲ, ಜಾಫರಸಾಬನ ಕಾಲ ಹಿಡದಿದ್ನಿ.

ನಿನ್ನ ಕೂಡ ಜಗಳ ಬಾಕಿ ಐತಿ. ನನ್ನ ಮಾನಾ ಓಣಿ ತುಂಬ ಹರಾಜ ಹಾಕಿದಿ. ಜಾಫರಸಾಬ ಬಜಾರದಾಗ ಡಂಗರಾ ಹೊಡದಂಗ ಓದಿದಾ. "ನಿಲ್ಲಸೋ" ಅಂದ್ರ "ಆಣಿ ಐತ್ರಿ ಅವ್ವಾರ" ಅಂತ ಮತ್ತಷ್ಟು ಜೋರ ಮಾಡಿದಾ. ಗುರುಲಿಂಗವ್ವ ಕೈಯಾಗಿನ ಸೌಟ ಒಗದು ನನ್ನ ಕಾಲ ಹಿಡಕೊಂಡು ಅತ್ತಳು.

ರಾಚಯ್ಯಗೋಳು ಬಂದ್ರು. ನಾ ಅಂಜಿದ್ದ ಮಾತು ಆಡಲಿಲ್ಲ ಅವರು. ಬೈದ್ರು. "ನನ್ನ ಕೇಳದ ನೇಮ ಹಿಡಿಯಾಕ ನೀ ಯಾರು? ಕುಲ್ಡರಿಗೆ ನಾವು ಲಿಂಗ ಕಟ್ಟೂದಿಲ್ಲೇನು? ಕೈಯಾಗಿನ ಲಿಂಗ ಕೈಯಾಗ ಇಟಗೊಂಡು ಹೋತು ಹೋತು ಅಂತ ಅಳತೀಯಲ್ಲಾ!" ಅಂದ್ರು. ಅವರು ಹೇಳಿದ್ದಕ್ಕೂ ನಾ ಉಣ್ಣಲಿಲ್ಲ. ಹಾಲಿನ ಬಟ್ಟಲಾ ಬಾಯಿಗೆ ಹಿಡದ್ರು, ಹಲ್ಲು ಕಚ್ಚಿದೆ. ಕಾಶಪ್ಪ ಬಂದು ಎದಿ ಬಡಕೊಂಡು ಅತ್ತಾ, ಆಗಲೂ ಕಚ್ಚಿದೆ. ಕಲ್ಲ ಆಗಿದ್ನಿ ನಾ. ಮಗನ ಅಳು ಕೇಳಿ ಕಲ್ಲ ಆಗಿದ್ದಕ್ಕ ಈಗ ಎದಿ ಉರೀತೈತಿ.

ಮರುದಿವಸ ಮುಂಜಾನೆ ಗುರುಲಿಂಗವ್ವನ್ನ ಆಸರ ಮಾಡಿಕೊಂಡು ಪೂಜಿಗೆ ಕುಂತೆ. ಖರೆ ಹೇಳತೇನಿ, ನಿನ್ನ ಮಾತು ನಂಬಿ ಕುಂತಿದ್ದಿಲ್ಲ. "ನೀ ಹೇಳಿದಂಗ ಮಾಡಿದೆ ಲೀಲೀ, ಬರಲಿಲ್ಲ, ಇದೂ ನಿನ್ನ ಸುಳ್ಳು" ಅಂತ ಕಡೀ ಪತ್ರಾ ಬರಸಾಕ ಕುಂತಿದ್ನಿ. ಹೆಬ್ಬಟ್ಟ ನೋಡಿದೆ. ಏನೂ ಇಲ್ಲ. ಕಿರಿಬಟ್ಟ ನೋಡಿದೆ, ಇಲ್ಲ. ಆತು ಬಿಡು ಅಂತ ಸೋತು ಮುಂಗೈ ಕಡಿ ದೃಷ್ಟಿ ಇಳಿಬಿಟ್ಟೆ.

ಮ್ಯಾಲಿನ ಅಂಚಿನ್ಯಾಗ ಏನೋ ಕರ್ರಗ, ದುಂಡಗ, ಮಿಂಚಿದಂಗಾತು. ಆ ಕಲಿ ಅಲ್ಲ ಅದು. ಕಲಿಗೆ ಮಿಂಚಿಲ್ಲ. ಲಗೂನ ಅದರ ಕಡಿ ನೋಡಿದೆ, ಹೋದಾ. ಮತ್ತ ಮುಂಗೈ ನೋಡಿದೆ, ಬಂದಾ. ಆಸೆ ತಡೀದ ಮತ್ತ ನೆಟ್ಟಗ ನೋಡಿದೆ, ಹೋದಾ. ಇಷ್ಟು ವರ್ಷ ಅವನ್ನ ನೋಡೂದು ಕಲತಾಕಿ, ಈಗ ನೋಡದ ಇರೂದು ಕಲೀಬೇಕಾತಲ್ಲ ಅಂತ ಗಳಗಳ ಅತ್ತುಬಿಟ್ಟೆ. ಅಳತಾ ಅಳತಾ ಮುಂಗೈ ಬಿಡಲಿಲ್ಲ. ಅವನೂ ಅಲ್ಲೇ ಇದ್ದಾ. ಮಬ್ಬ ಇದ್ದಾ, ಇದ್ದಾ.

ಗುರುಲಿಂಗವ್ವ ನುಚ್ಚ ಗಂಜಿ ಮಾಡಿ ಚಮಚೀಲೆ ಹಾಕಿದಳು. ಎರಡ ಚಮಚಾ ನಿಂತಿತು, ಮೂರನೇದು ಹೊರಗ ಬಂತು. ಈಗ ಬಟ್ಟಲಾ ಪೂರ್ತಿ ಕುಡೀತೇನಿ. ಎತ್ತಿಗೆ ಮಾತ್ರ ನನ್ನ ಮ್ಯಾಲೆ ಸಿಟ್ಟ ಐತಿ.

ದಿನಾ ಅವ ಸಿಗತಾನ ಅಂತಲ್ಲ. ಒಂದೊಂದ ದಿವಸ ಹುಡುಕಿ ಹುಡುಕಿ ಕಣ್ಣ ನೀರಾಡತಾವ. ಅಂಥಾ ದಿವಸ ಬೆರಳಲೆ ಲಿಂಗ ಮುಟ್ಟಿ ಉಣ್ಣು ಅಂತ ರಾಚಯ್ಯಗೋಳು ಕಟ್ಟಪ್ಪಣಿ ಮಾಡ್ಯಾರ. ಉಣ್ಣತೇನಿ. ಮನಸ ಇನ್ನೂ ಒಪ್ಪಿಲ್ಲ, ಬಾಯಿ ಒಪ್ಪೈತಿ.

ನೀ ಬರೂದು ಬ್ಯಾಡ. ಮಗನ ರಜಾ ಉಳಿಸಿಡು. ಬರೂ ವಾರ ಕಾಶಪ್ಪ ನನ್ನ ಹುಬ್ಬಳ್ಳಿಗೆ ಕರಕೊಂಡು ಹೋಗತಾನ. ಔಷಧ ಇಲ್ಲ ಅಂತ ಗೊತ್ತೈತಿ, ಆದ್ರೂ ಮಗನ ಸಮಾಧಾನಕ್ಕ ಹೋಗತೇನಿ. ಹೋಗೂ ಮುಂದ ಬಾಗಲಕೋಟ್ಯಾಗ ಇಳದು ಒಂದ ರಾತ್ರಿ ನಿನ್ನ ಕಡಿ ವಸ್ತಿ. ಕಟ್ಟಿ ಮ್ಯಾಲೆ ನಿನ್ನ ಎದರಿಗೆ ಕುಂದರತೇನಿ. ನೀ ನನ್ನ ಮಾರಿ ನೆಟ್ಟಗ ನೋಡಬ್ಯಾಡ, ನಾನೂ ನಿಂದು ನೋಡೂದಿಲ್ಲ. ನೀ ನನ್ನ ಕಿವಿ ನೋಡು, ನಾ ನಿನ್ನ ಕಿವಿ ನೋಡತೇನಿ. ಈ ಇಬ್ರು ಮುದಿಕ್ಯಾರು ಜಗಳಾಡಿ ಮಾರಿ ತಿರಿವಿ ಕುಂತಾರ ಅಂತ ನಿಮ್ಮ ಓಣಿ ಮಂದಿ ತಿಳಕೊಂಡ್ರ ತಿಳಕೊಳ್ಳಲಿ.

ಬಸಲಿಂಗವ್ವ